ಹೃದಯ ಸೋತಾಗ ಹೊಟ್ಟೆಯಲ್ಲಿ ನಿಲ್ಲುವ ನೀರು, ಆ ನೀರಿಗೆ ತಗಲುವ ಸೋಂಕು

(ಹೃದ್ರೋಗಿಗಳ ಮನೆಯವರು, ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ತಾಲೂಕು ಆಸ್ಪತ್ರೆಗಳ ಕಿರಿಯ ವೈದ್ಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಾರ್ಟ್ ಫೇಲ್ಯೂರ್ ಅಂದ ತಕ್ಷಣ ನಮಗೆ ನೆನಪಾಗುವುದು ಏದುಸಿರು ಮತ್ತು ಕಾಲಿನ ಊತ. ಹೊಟ್ಟೆಯ ಮಾತು ಬರುವುದು ತಡವಾಗಿ. ಪಂಚೆ ಸೊಂಟಕ್ಕೆ ನಿಲ್ಲುವುದಿಲ್ಲ, ಎರಡು ತುತ್ತು ತಿಂದರೆ ಸಾಕು ಅನ್ನಿಸುತ್ತದೆ, ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಆಗುವುದಿಲ್ಲ. ಸ್ಕ್ಯಾನಿಂಗ್ ಮಾಡಿಸಿದರೆ ಹೊಟ್ಟೆಯಲ್ಲಿ ನೀರು ಇದೆ ಅಂತ ರಿಪೋರ್ಟ್ ಬರುತ್ತದೆ. ಆಗ ಮನೆಯವರು ಕೇಳುತ್ತಾರೆ: "ತೊಂದರೆ ಹಾರ್ಟಿಂದು ಅಂದ್ರಿ, ನೀರು ಹೊಟ್ಟೇಲಿ ಯಾಕೆ ಸಾರ್?"

ನ್ಯಾಯವಾದ ಪ್ರಶ್ನೆ. ಮೈಯ ಕೆಳಭಾಗದ ರಕ್ತವೆಲ್ಲ ಹೃದಯದ ಬಲಭಾಗಕ್ಕೆ ವಾಪಸ್ ಬರಬೇಕು. ಬಲಭಾಗ ಸೋತರೆ, ಅಥವಾ ಅಲ್ಲಿನ ಕವಾಟ ಸರಿಯಾಗಿ ಮುಚ್ಚದಿದ್ದರೆ, ರಕ್ತ ಹಿಂದೆಯೇ ನಿಲ್ಲುತ್ತದೆ. ಮುಂದೆ ಕಾಲುವೆ ಕಟ್ಟಿಕೊಂಡರೆ ಮೇಲಿನ ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲವೇ, ಹಾಗೆ. ಹೃದಯಕ್ಕೆ ತೀರ ಹತ್ತಿರದ ದೊಡ್ಡ ಅಂಗ ಲಿವರ್. ಅದು ರಕ್ತ ತುಂಬಿಕೊಂಡು ಊದುತ್ತದೆ, ಅದರ ಮೈಯಿಂದ ದ್ರವ ಒಸರಿ ಹೊಟ್ಟೆಯ ಪೊರೆಯೊಳಗೆ ಸೇರುತ್ತದೆ. ಇದೇ ಜಲೋದರ. ಆರೋಗ್ಯವಂತರಲ್ಲೂ ಪೊರೆಯ ಪದರಗಳ ನಡುವೆ ಜಾರಿಕೆಗೆ ಬೇಕಾದಷ್ಟು ದ್ರವ ಇರುತ್ತದೆ. ಇವರಲ್ಲಿ ಅದು ಲೀಟರ್‌ಗಟ್ಟಲೆ ಆಗುತ್ತದೆ. ವೈದ್ಯರು ಕೈಯಿಂದ ಬಡಿದು ನೋಡಿ ಗುರುತಿಸುವ ಹೊತ್ತಿಗೆ ಸುಮಾರು ಒಂದೂವರೆ ಲೀಟರ್ ಸೇರಿರುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಸ್ಕ್ಯಾನಿಂಗ್‌ನಲ್ಲೇ ಕಾಣಬೇಕು.

ಇವತ್ತು ನಾನು ಮುಖ್ಯವಾಗಿ ಹೇಳಲು ಬಂದಿರುವುದು ಒಂದೇ ವಿಷಯ. ಹೃದಯದ ತೊಂದರೆಯಿಂದ ಹೊಟ್ಟೆಯಲ್ಲಿ ನೀರು ತುಂಬಿರುವವರ ಸ್ಥಿತಿ ಇದ್ದಕ್ಕಿದ್ದಂತೆ ಕೆಟ್ಟರೆ, ಆ ನೀರನ್ನು ಅವತ್ತೇ ಸೂಜಿ ಹಾಕಿ ತೆಗೆದು ಪರೀಕ್ಷೆ ಮಾಡಬೇಕು. ಬರೀ ಲೇಸಿಕ್ಸ್ (ಮೂತ್ರ ಹೆಚ್ಚಿಸಿ ನೀರು ಇಳಿಸುವ ಔಷಧ) ಡೋಸ್ ಏರಿಸಿ ನಾಳೆ ನೋಡೋಣ ಅನ್ನುವುದು ಸಾಲದು. ಆ ನೀರಿಗೆ ಸೋಂಕು ತಗಲಿರಬಹುದು. ಹೊರಗಿನಿಂದ ನೋಡಿ ಅದು ಗೊತ್ತಾಗುವುದಿಲ್ಲ.

ಹೊಟ್ಟೆಯೊಳಗೆ ಸೋಂಕು ಅಂದರೆ ಅಪೆಂಡಿಕ್ಸ್ ಒಡೆಯುವುದು, ಕರುಳು ತೂತಾಗುವುದು, ಇವೇ ನಮಗೆ ಹೊಳೆಯುತ್ತವೆ. ಅದು ಸರ್ಜನ್‌ಗಳ ಕೆಲಸ. ನಾನು ಹೇಳುತ್ತಿರುವುದು ಬೇರೆ. ಇಲ್ಲಿ ಎಲ್ಲೂ ತೂತಿರುವುದಿಲ್ಲ, ಕೀವಿನ ಗಂಟಿರುವುದಿಲ್ಲ. ಆದರೂ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಸ್ಪಾಂಟೇನಿಯಸ್ ಬ್ಯಾಕ್ಟೀರಿಯಲ್ ಪೆರಿಟೊನೈಟಿಸ್ ಅನ್ನುತ್ತಾರೆ, ವಾರ್ಡಿನಲ್ಲಿ ಚಿಕ್ಕದಾಗಿ ಎಸ್‌ಬಿಪಿ. ಅಮೆರಿಕದ ವೈದ್ಯ ಹೆರಾಲ್ಡ್ ಕಾನ್ 1964ರಲ್ಲಿ ಇದನ್ನು ಲಿವರ್ ಸಿರೋಸಿಸ್, ಅಂದರೆ ಲಿವರ್ ನಾರು ಕಟ್ಟಿ ಗಟ್ಟಿಯಾದ ರೋಗಿಗಳಲ್ಲಿ ವಿವರಿಸಿದರು. ಆ ಕಾಲದಲ್ಲಿ ಇದು ಬಂದವರು ಬದುಕುವುದೇ ಅಪರೂಪವಾಗಿತ್ತು. ಇವತ್ತು ಬೇಗ ಹಿಡಿದರೆ ಹೆಚ್ಚಿನವರನ್ನು ಉಳಿಸಬಹುದು.

ಅಲ್ಲಿಂದ ಇವತ್ತಿನವರೆಗೆ ಪುಸ್ತಕಗಳಲ್ಲಿ ಎಸ್‌ಬಿಪಿ ಅಂದರೆ ಲಿವರ್ ರೋಗಿಯ ಕಾಯಿಲೆ. ಬಹುಪಾಲು ನಿಜವೂ ಹೌದು. ಹೃದಯದಿಂದ ಬರುವ ನೀರಿಗೆ ಸೋಂಕು ತಗಲುವುದು ಕಡಿಮೆ. ಆದರೆ ಕಡಿಮೆ ಅನ್ನುವುದು ನಮ್ಮ ತಲೆಯಲ್ಲಿ ಯಾವಾಗಲೋ "ಬರುವುದೇ ಇಲ್ಲ" ಅಂತ ಆಗಿಬಿಟ್ಟಿದೆ. ಜಲೋದರದ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ ಬ್ರೂಸ್ ರನ್ಯನ್ 1984ರಲ್ಲೇ ಹೃದಯದ ಜಲೋದರದಲ್ಲಿ ಎಸ್‌ಬಿಪಿ ಬರುವುದನ್ನು ವರದಿ ಮಾಡಿದ್ದರು. ಇಷ್ಟು ವರ್ಷಗಳ ಮೇಲೂ ಆ ಯೋಚನೆ ವಾರ್ಡಿನಲ್ಲಿ ಸುಲಭವಾಗಿ ಬರುವುದಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಹೃದಯದ ನೀರಿಗೆ ಸೋಂಕು ಯಾಕೆ ಕಡಿಮೆ? ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಯಾಕೆಂದರೆ ಇದು ತಿಳಿದರೆ, ಯಾರಿಗೆ ಅಪಾಯ ಜಾಸ್ತಿ ಅನ್ನುವುದೂ ತಾನಾಗಿ ತಿಳಿಯುತ್ತದೆ.

ಸಿರೋಸಿಸ್‌ನಲ್ಲಿ ಲಿವರ್ ಗಟ್ಟಿಯಾಗಿ, ಒಳಗಿನ ಸಣ್ಣ ರಕ್ತನಾಳಗಳ ಸುತ್ತ ಗಾಯದ ಕಲೆಯಂತೆ ನಾರು ಕಟ್ಟಿರುತ್ತದೆ. ಅಲ್ಲಿಂದ ಒಸರುವ ದ್ರವದಲ್ಲಿ ಪ್ರೋಟೀನ್ ತೀರ ಕಡಿಮೆ. ಹೃದಯದ ರೋಗಿಯಲ್ಲಿ ಆ ನಾಳಗಳು ಬಹಳ ಕಾಲ ಸರಿಯಾಗಿಯೇ ಇರುತ್ತವೆ, ಬರೀ ಒತ್ತಡ ಹೆಚ್ಚಾಗಿರುತ್ತದೆ. ಹಾಗಾಗಿ ಪ್ರೋಟೀನ್ ತುಂಬಿದ ದ್ರವವೇ ಹೊರಗೆ ಬರುತ್ತದೆ, ಸಾಮಾನ್ಯವಾಗಿ ಡೆಸಿಲೀಟರ್‌ಗೆ 2.5 ಗ್ರಾಂಗಿಂತ ಹೆಚ್ಚು. ಈ ಪ್ರೋಟೀನ್‌ಗಳ ಜೊತೆ ಕಾಂಪ್ಲಿಮೆಂಟ್ ಅನ್ನುವ ಗುಂಪೂ ಬರುತ್ತದೆ. ಅವು ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು "ಇದನ್ನು ನುಂಗು" ಅಂತ ಬಿಳಿ ರಕ್ತಕಣಕ್ಕೆ ಗುರುತು ಮಾಡಿಕೊಡುತ್ತವೆ. ಗುರುತು ಇಲ್ಲದಿದ್ದರೆ ಬಿಳಿ ರಕ್ತಕಣ ಪಕ್ಕದಲ್ಲೇ ಇದ್ದರೂ ಹಿಡಿಯುವುದು ಕಷ್ಟ. ನೀರಿನಲ್ಲಿ ಪ್ರೋಟೀನ್ 1 ಗ್ರಾಂಗಿಂತ ಕಡಿಮೆ ಇದ್ದವರಿಗೆ ಸೋಂಕಿನ ಅಪಾಯ ಬಹಳ ಜಾಸ್ತಿ ಅಂತ 1986ರಲ್ಲೇ ರನ್ಯನ್ ತೋರಿಸಿದ್ದರು.

ಸರಿ, ಹೃದಯದ ರೋಗಿಗೆ ಈ ಕಾವಲು ಇದೆ. ಆದರೆ ಇದು ಶಾಶ್ವತ ಅಲ್ಲ.

ವರ್ಷಗಟ್ಟಲೆ ಲಿವರ್ ಒತ್ತಡದಲ್ಲಿ ನಲುಗಿದರೆ ಕೊನೆಗೆ ಅದರಲ್ಲೂ ನಾರು ಕಟ್ಟುತ್ತದೆ. ಕಾರ್ಡಿಯಾಕ್ ಸಿರೋಸಿಸ್ ಅನ್ನುವುದು ಇದನ್ನೇ. ಇನ್ನೊಂದು ಕಡೆ ರೋಗಿ ಸರಿಯಾಗಿ ಊಟ ಮಾಡುತ್ತಿರುವುದಿಲ್ಲ. ಮೈ ಒಣಗಿ ಭುಜದ ಮೂಳೆ ಎದ್ದು ಕಾಣುತ್ತದೆ, ಹೊಟ್ಟೆ ಮಾತ್ರ ದೊಡ್ಡದು. ರಕ್ತದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಇಳಿಯುತ್ತದೆ, ಅದರ ಜೊತೆ ಹೊಟ್ಟೆಯ ನೀರಿನ ಪ್ರೋಟೀನೂ ಇಳಿಯುತ್ತದೆ. ಕುಡಿತದ ಚಟವೋ ಹೆಪಟೈಟಿಸ್ ಬಿಯೋ ಜೊತೆಗಿದ್ದರೆ ಲಿವರ್ ಮತ್ತು ಹೃದಯ ಎರಡರಿಂದಲೂ ನೀರು ಬರುತ್ತಿರುತ್ತದೆ. ಇಂಥವರನ್ನು ಬರೀ ಹಾರ್ಟ್ ಪೇಷಂಟ್ ಅಂತ ನೋಡಿದರೆ ಮೋಸ ಹೋಗುತ್ತೇವೆ.

ಕರುಳಿನ ಕಥೆಯೂ ಇದೆ. ಕಾಲು ಊದುವುದು ಕಣ್ಣಿಗೆ ಕಾಣುತ್ತದೆ, ಕರುಳಿನ ಗೋಡೆ ಊದುವುದು ಕಾಣುವುದಿಲ್ಲ. 2007ರಲ್ಲಿ ಬರ್ಲಿನ್‌ನ ಸಂಶೋಧಕರು ಹಾರ್ಟ್ ಫೇಲ್ಯೂರ್ ರೋಗಿಗಳ ಕರುಳನ್ನು ಸ್ಕ್ಯಾನಿಂಗ್‌ನಲ್ಲಿ ಅಳೆದರು. ಗೋಡೆ ದಪ್ಪಗಾಗಿತ್ತು. ಒಳಗಿನ ವಸ್ತುಗಳು ಗೋಡೆ ದಾಟಿ ಸೋರುವುದೂ ಹೆಚ್ಚಾಗಿತ್ತು, ದೊಡ್ಡ ಕರುಳಿನಲ್ಲಂತೂ ತುಂಬಾ. ಹಾಗೆ ಸೋರುವ ಜಾಗದಲ್ಲಿ ಕರುಳಿನ ಬ್ಯಾಕ್ಟೀರಿಯಾವೂ ದಾಟಬಲ್ಲದು. ಇ. ಕೋಲಿ, ಕ್ಲೆಬ್ಸಿಯೆಲ್ಲಾ ಇವೆಲ್ಲ ಅಲ್ಲಿಯವೇ. ದಾಟಿದವು ದುಗ್ಧಗ್ರಂಥಿಗಳಿಗೆ, ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಈ ನಿಂತ ನೀರಿಗೆ.

ಬ್ಯಾಕ್ಟೀರಿಯಾ ಕರುಳಿನಿಂದಲೇ ಬರಬೇಕು ಅಂತಿಲ್ಲ. ನ್ಯುಮೋನಿಯಾದಿಂದ ಬರಬಹುದು, ಮೂತ್ರದ ಸೋಂಕಿನಿಂದ ಬರಬಹುದು, ಐಸಿಯುನಲ್ಲಿ ಕತ್ತಿಗೆ ಹಾಕಿದ ಲೈನಿನಿಂದ ಬರಬಹುದು. ನಮ್ಮ ಊರುಗಳಲ್ಲಿ ನಾನು ಬಹಳ ಹೆದರುವುದು ಊದಿದ ಕಾಲಿನ ಬಗ್ಗೆ. ಕಾಲು ಊದಿ ಚರ್ಮ ಬಿಗಿದುಕೊಂಡಿರುತ್ತದೆ, ಬೆರಳಿನ ಸಂದಿಯಲ್ಲಿ ಕೆಸರು ಹುಣ್ಣು, ಹಿಮ್ಮಡಿ ಒಡೆದಿರುತ್ತದೆ. ಗದ್ದೆಯಲ್ಲಿ, ಕೊಟ್ಟಿಗೆಯಲ್ಲಿ ಬರಿಗಾಲಲ್ಲಿ ಓಡಾಡಿದರೆ ಆ ಬಿರುಕಿನಿಂದ ಸ್ಟ್ರೆಪ್ಟೋಕಾಕಸ್ ಒಳಗೆ ಹೋಗುತ್ತದೆ. ಕಾಲು ಕೆಂಪಾಗಿ, ಬಿಸಿಯಾಗಿ, ಚಳಿ ಜ್ವರ ಬರುತ್ತದೆ. ಅದೇ ಸೋಂಕು ರಕ್ತದ ಮೂಲಕ ಹೊಟ್ಟೆಯ ನೀರಿಗೂ ಇಳಿಯಬಹುದು. ಮನೆಯಲ್ಲಿ ಹೃದಯದ ರೋಗಿ ಇದ್ದರೆ ದಿನಾ ರಾತ್ರಿ ಅವರ ಪಾದ ಒರೆಸಿ, ಬೆರಳ ಸಂದಿ ಒಣಗಿಸಿ, ಒಂದು ಸಲ ಕಣ್ಣಾಡಿಸಿ. ಖರ್ಚಿಲ್ಲದ ಕೆಲಸ.

ಈಗ ಲಕ್ಷಣಗಳು. ಇಲ್ಲೇ ಎಲ್ಲರೂ ಎಡವುವುದು. ಕರುಳು ತೂತಾದವರ ಹೊಟ್ಟೆ ಹಲಗೆಯಂತೆ ಬಿಗಿದಿರುತ್ತದೆ, ಮುಟ್ಟಲು ಬಿಡುವುದಿಲ್ಲ. ಎಸ್‌ಬಿಪಿಯಲ್ಲಿ ಹಾಗಾಗುವುದು ಅಪರೂಪ. ಮಧ್ಯೆ ಅಷ್ಟು ನೀರು ಇರುವುದರಿಂದ ಪೊರೆಯ ಎರಡು ಪದರ ಒಂದಕ್ಕೊಂದು ಉಜ್ಜುವುದಿಲ್ಲ. ನೋವು ಸಣ್ಣಗೆ ಇರಬಹುದು, ಇಲ್ಲದೆಯೂ ಇರಬಹುದು. ಜ್ವರ ಬಾರದೇ ಇರಬಹುದು, ವಯಸ್ಸಾದವರಲ್ಲಿ ಅಂತೂ ಖಂಡಿತ. ಹಾಗಾದರೆ ಏನು ಕಾಣುತ್ತದೆ? ನಿನ್ನೆ ಮಾತಾಡುತ್ತಿದ್ದವರು ಇವತ್ತು ಮಂಕಾಗಿರುತ್ತಾರೆ. ಮೂತ್ರ ಕಡಿಮೆಯಾಗುತ್ತದೆ. ಬಿಪಿ ಇಳಿಯುತ್ತದೆ. ಕಿಡ್ನಿಯ ಕೆಲಸ ತೋರಿಸುವ ರಕ್ತಪರೀಕ್ಷೆ ಕ್ರಿಯಾಟಿನಿನ್ 1.3 ಇದ್ದದ್ದು 2.4 ಆಗುತ್ತದೆ. ನೀರು ಮಾತ್ರೆ ಅದೇ ಡೋಸ್ ಇದ್ದರೂ ಹೊಟ್ಟೆ ಮತ್ತಷ್ಟು ಬಿಗಿಯುತ್ತದೆ. ಒಂದೆರಡು ಸಲ ತೆಳ್ಳಗೆ ಭೇದಿ.

ಕಿರಿಯ ವೈದ್ಯರೇ, ಈ ಪಟ್ಟಿಯನ್ನು ಮತ್ತೊಮ್ಮೆ ಕೇಳಿಸಿಕೊಳ್ಳಿ. ಮಂಕು, ಕಡಿಮೆ ಮೂತ್ರ, ಇಳಿದ ಬಿಪಿ, ಏರಿದ ಕ್ರಿಯಾಟಿನಿನ್. ಹಾರ್ಟ್ ಫೇಲ್ಯೂರ್ ಜಾಸ್ತಿಯಾದರೂ ಇವೇ ಕಾಣುವುದು, ಅಲ್ವಾ? ಅದಕ್ಕೇ ಈ ಸೋಂಕು ತಪ್ಪಿಸಿಕೊಳ್ಳುತ್ತದೆ. ಲಿವರ್ ರೋಗಿಗೆ ಹೀಗಾದರೆ ಸೂಜಿ ಹಾಕಬೇಕು ಅಂತ ಎಲ್ಲರಿಗೂ ಗೊತ್ತು. ಹೃದಯದ ರೋಗಿಗೆ ಹೀಗಾದರೆ ಎಕೋ (ಹೃದಯದ ಸ್ಕ್ಯಾನಿಂಗ್) ಮಾಡುತ್ತೇವೆ, ಡ್ರಿಪ್ ಬದಲಾಯಿಸುತ್ತೇವೆ, ಲೇಸಿಕ್ಸ್ ಇನ್‌ಫ್ಯೂಷನ್ ಹಾಕುತ್ತೇವೆ. ಹೊಟ್ಟೆಯ ಕಡೆ ಕೈ ಹೋಗುವುದಿಲ್ಲ. 2014ರಲ್ಲಿ ಅಮೆರಿಕದಲ್ಲಿ ಎಸ್‌ಬಿಪಿ ಬಂದ ಸಿರೋಸಿಸ್ ರೋಗಿಗಳ ಒಂದು ಅಧ್ಯಯನ ಪ್ರಕಟವಾಯಿತು. ಆಸ್ಪತ್ರೆಗೆ ಬಂದು 12 ಗಂಟೆಯೊಳಗೆ ನೀರು ತೆಗೆದು ನೋಡಿದವರಿಗೂ, ಅದಕ್ಕಿಂತ ತಡವಾದವರಿಗೂ ಹೋಲಿಸಿದರು. ತಡವಾದವರಲ್ಲಿ ಆಸ್ಪತ್ರೆಯಲ್ಲೇ ಸಾಯುವ ಸಂಭವ ಸುಮಾರು 2.7 ಪಟ್ಟು ಇತ್ತು. ಅದು ಲಿವರ್ ರೋಗಿಗಳ ಲೆಕ್ಕ, ನಿಜ. ಹೃದಯವೂ ಸೋತಿರುವ ಮನುಷ್ಯನಿಗೆ ತಡ ಮಾಡಿದರೆ ನಡೆಯುತ್ತದೆ ಅನ್ನಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಸೂಜಿ ಹಾಕುವುದು ಹೇಗೆ ಅಂತ ಹೇಳಿಬಿಡುತ್ತೇನೆ, ಮನೆಯವರಿಗೂ ಭಯ ಹೋಗಲಿ. ರೋಗಿಯನ್ನು ಸ್ವಲ್ಪ ತಲೆ ಎತ್ತಿ ಮಲಗಿಸುತ್ತೇವೆ. ಸ್ಕ್ಯಾನಿಂಗ್ ಪ್ರೋಬ್ ಇಟ್ಟು ನೀರು ಎಲ್ಲಿ ಜಾಸ್ತಿ ಇದೆ, ಕರುಳು ಎಲ್ಲಿದೆ ನೋಡಿಕೊಳ್ಳುತ್ತೇವೆ. ಸಾಮಾನ್ಯವಾಗಿ ಹೊಟ್ಟೆಯ ಎಡಗಡೆ ಕೆಳಭಾಗ. ಔಷಧಿಯಲ್ಲಿ ಚೆನ್ನಾಗಿ ಒರೆಸಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸೂಜಿ ಹಾಕುತ್ತೇವೆ. ಹೃದಯದ ನೀರು ಹೆಚ್ಚಾಗಿ ಒಣಹುಲ್ಲಿನ ಬಣ್ಣ, ಕೆಲವೊಮ್ಮೆ ಸ್ವಲ್ಪ ಕೆಂಪು ಬೆರೆತಿರುತ್ತದೆ. ಪರೀಕ್ಷೆಗೆ ಬೇಕಾಗುವುದು ಐವತ್ತು ಮಿಲಿಲೀಟರ್ ಒಳಗೆ.

ಆ ಐವತ್ತು ಮಿಲಿಲೀಟರ್ ಎಲ್ಲಿಗೆ ಹೋಗುತ್ತದೆ ಅನ್ನುವುದು ಮುಖ್ಯ. ನರ್ಸಿಂಗ್ ಮಕ್ಕಳೇ, ಇದು ನಿಮ್ಮ ಕೈಯಲ್ಲಿದೆ. ನೇರಳೆ ಮುಚ್ಚಳದ ಟ್ಯೂಬಿಗೆ ಸ್ವಲ್ಪ, ಕಣಗಳ ಎಣಿಕೆಗೆ. ಬಯೋಕೆಮಿಸ್ಟ್ರಿ ಟ್ಯೂಬಿಗೆ ಸ್ವಲ್ಪ, ಆಲ್ಬುಮಿನ್ ಮತ್ತು ಪ್ರೋಟೀನ್‌ಗೆ. ಉಳಿದದ್ದರಲ್ಲಿ ಹತ್ತು ಹತ್ತು ಮಿಲಿಲೀಟರ್ ಬ್ಲಡ್ ಕಲ್ಚರ್ ಬಾಟಲಿಗಳಿಗೆ (ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸಲು), ಅಲ್ಲೇ ಹಾಸಿಗೆ ಪಕ್ಕದಲ್ಲೇ, ಮುಚ್ಚಳದ ರಬ್ಬರನ್ನು ಸ್ಪಿರಿಟ್‌ನಿಂದ ಒರೆಸಿ, ಹೊಸ ಸೂಜಿ ಹಾಕಿಕೊಂಡು. ಖಾಲಿ ಟ್ಯೂಬಿನಲ್ಲಿ ಹಾಕಿ ಲ್ಯಾಬಿಗೆ ಕಳಿಸಿ, ಅವರು ಸಂಜೆ ಕಲ್ಚರ್ ಹಾಕಿದರೆ ಬ್ಯಾಕ್ಟೀರಿಯಾ ಬೆಳೆಯುವುದು ಅರ್ಧದಷ್ಟು ಜನರಲ್ಲಿ. ಹಾಸಿಗೆ ಪಕ್ಕದಲ್ಲೇ ಬಾಟಲಿಗೆ ಹಾಕಿದರೆ ಸುಮಾರು 80 ಶೇಕಡ ಜನರಲ್ಲಿ ಸಿಗುತ್ತದೆ. ಈ ನೀರಿನಲ್ಲಿ ಬ್ಯಾಕ್ಟೀರಿಯಾ ಬಹಳ ವಿರಳವಾಗಿರುತ್ತದೆ, ಅದಕ್ಕೇ ಈ ವ್ಯತ್ಯಾಸ. ಇದೆಲ್ಲ ಮೊದಲ ಡೋಸ್ ಆಂಟಿಬಯೋಟಿಕ್‌ಗೆ ಮುಂಚೆ ಆಗಬೇಕು.

ರಿಪೋರ್ಟ್ ಓದುವಾಗ ಮೊದಲು ನೋಡಬೇಕಾದ್ದು ನ್ಯೂಟ್ರೋಫಿಲ್, ಅಂದರೆ ಬ್ಯಾಕ್ಟೀರಿಯಾ ನುಂಗುವ ಬಿಳಿ ರಕ್ತಕಣಗಳ ಎಣಿಕೆ. ಒಂದು ಘನ ಮಿಲಿಮೀಟರ್‌ಗೆ 250 ಅಥವಾ ಹೆಚ್ಚು ಇದ್ದರೆ ಸೋಂಕು ಇದೆ ಅಂತಲೇ ಹಿಡಿದು ಚಿಕಿತ್ಸೆ ಶುರು. ಕಲ್ಚರ್ ಬರಲಿ ಅಂತ ಎರಡು ದಿನ ಕಾಯುವಂತಿಲ್ಲ. ಒಟ್ಟು ಬಿಳಿ ಕಣ 600, ಅದರಲ್ಲಿ ನ್ಯೂಟ್ರೋಫಿಲ್ 70 ಶೇಕಡ ಅಂದರೆ 420. ಇದು ಎಸ್‌ಬಿಪಿ. ಅದೇ 600ರಲ್ಲಿ ನ್ಯೂಟ್ರೋಫಿಲ್ 10 ಶೇಕಡ, ಉಳಿದದ್ದೆಲ್ಲ ಲಿಂಫೋಸೈಟ್ ಅನ್ನುವ ಇನ್ನೊಂದು ಬಗೆಯ ಬಿಳಿ ಕಣ ಇದ್ದರೆ, ನ್ಯೂಟ್ರೋಫಿಲ್ 60 ಮಾತ್ರ. ಆಗ ಯೋಚನೆ ಟಿಬಿ ಕಡೆ ತಿರುಗಬೇಕು, ಎಡಿಎ (ಟಿಬಿಯ ಸುಳಿವು ಕೊಡುವ ಪರೀಕ್ಷೆ) ಕಳಿಸಬೇಕು. ನೀರಿನಲ್ಲಿ ರಕ್ತ ಬೆರೆತಿದ್ದರೆ ಇನ್ನೊಂದು ಲೆಕ್ಕ ಇದೆ: ಪ್ರತಿ 250 ಕೆಂಪು ಕಣಕ್ಕೆ ಒಂದು ನ್ಯೂಟ್ರೋಫಿಲ್ ಕಳೆಯಬೇಕು. ಕೆಂಪು ಕಣ 25,000, ನ್ಯೂಟ್ರೋಫಿಲ್ 300 ಇದ್ದರೆ, 100 ಕಳೆದು 200. ಹೃದಯದ ನೀರಿನಲ್ಲಿ ಕೆಂಪು ಕಣ ಹೆಚ್ಚಾಗಿ ಸಿಗುವುದರಿಂದ ಈ ಲೆಕ್ಕ ನಮ್ಮ ರೋಗಿಗಳಿಗೆ ಬಹಳ ಬೇಕಾಗುತ್ತದೆ.

ನೀರು ಎಲ್ಲಿಂದ ಬಂತು ಅಂತ ತಿಳಿಯಲು ರಕ್ತದ ಆಲ್ಬುಮಿನ್‌ನಿಂದ ನೀರಿನ ಆಲ್ಬುಮಿನ್ ಕಳೆಯುತ್ತೇವೆ. ವ್ಯತ್ಯಾಸ 1.1 ಅಥವಾ ಜಾಸ್ತಿ ಇದ್ದರೆ ಲಿವರ್‌ನ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿದೆ ಅಂತ ಅರ್ಥ. ಲಿವರ್ ಕಾಯಿಲೆ, ಹೃದಯ ಎರಡರಲ್ಲೂ ಹೀಗೇ ಬರುತ್ತದೆ. ಎರಡನ್ನೂ ಬೇರ್ಪಡಿಸುವುದು ನೀರಿನ ಒಟ್ಟು ಪ್ರೋಟೀನ್. ರಕ್ತದಲ್ಲಿ ಆಲ್ಬುಮಿನ್ 3.4, ನೀರಿನಲ್ಲಿ 2.0, ವ್ಯತ್ಯಾಸ 1.4, ನೀರಿನ ಪ್ರೋಟೀನ್ 3.8 ಅಂದರೆ ಹೃದಯದ ಕಡೆ ನೋಡಿ. ವ್ಯತ್ಯಾಸ 1.1 ದಾಟಿಯೂ ಪ್ರೋಟೀನ್ 2.5ಕ್ಕಿಂತ ಕಡಿಮೆ ಇದ್ದರೆ ಲಿವರ್.

ಇಲ್ಲಿ ಒಂದು ಬಲೆ ಇದೆ. ಎಸ್‌ಬಿಪಿಯೋ ಅಥವಾ ಕರುಳು ತೂತಾಗಿ ಬಂದ ಸೋಂಕೋ ಅಂತ ತಿಳಿಯಲು ಪುಸ್ತಕದಲ್ಲಿ ಮೂರು ಗುರುತು ಕೊಟ್ಟಿದ್ದಾರೆ: ನೀರಿನಲ್ಲಿ ಪ್ರೋಟೀನ್ 1 ಗ್ರಾಂಗಿಂತ ಹೆಚ್ಚು, ಗ್ಲೂಕೋಸ್ 50ಕ್ಕಿಂತ ಕಡಿಮೆ, ಎಲ್‌ಡಿಎಚ್ (ಜೀವಕೋಶ ಒಡೆದಾಗ ಹೊರಬರುವ ಕಿಣ್ವ) ರಕ್ತದ ಮಿತಿಗಿಂತ ಹೆಚ್ಚು. ಎರಡು ಹೊಂದಿದರೆ ಸರ್ಜನ್‌ರನ್ನು ಕರೆಯಿರಿ ಅಂತ. ಇದೆಲ್ಲ ಸಿರೋಸಿಸ್ ರೋಗಿಗಳಿಗಾಗಿ ಮಾಡಿದ ನಿಯಮ. ಹೃದಯದ ನೀರಿನಲ್ಲಿ ಪ್ರೋಟೀನ್ ಮೊದಲೇ ಮೂರೋ ನಾಲ್ಕೋ ಗ್ರಾಂ ಇರುತ್ತದೆ. ಎಲ್‌ಡಿಎಚ್ ಕೂಡ ಒಡೆದ ಕೆಂಪು ಕಣಗಳಿಂದ ಏರಿರಬಹುದು. ನಿಯಮವನ್ನು ಹಾಗೇ ಹಚ್ಚಿದರೆ ಏನೂ ತೂತಿಲ್ಲದ ಹೊಟ್ಟೆಯನ್ನು ಕೊಯ್ಯಲು ಹೋಗುತ್ತೇವೆ, ಅದೂ ಅರಿವಳಿಕೆ ತಡೆದುಕೊಳ್ಳಲಾಗದ ಹೃದಯ ಇಟ್ಟುಕೊಂಡವರಿಗೆ. ಹಾಗಾಗಿ ಈ ರೋಗಿಗಳಲ್ಲಿ ಗ್ಲೂಕೋಸ್ ಬಿದ್ದಿದೆಯಾ, ಕಲ್ಚರ್‌ನಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಬ್ಯಾಕ್ಟೀರಿಯಾ ಬಂದಿದೆಯಾ ನೋಡಿ. ಅನುಮಾನ ಉಳಿದರೆ ಸಿಟಿ ಸ್ಕ್ಯಾನ್ ಮಾಡಿಸಿ.

ಚಿಕಿತ್ಸೆಗೆ ಬರೋಣ. ಆಸ್ಪತ್ರೆಯ ಹೊರಗೆ ತಗಲಿದ ಸೋಂಕಿಗೆ ಸೆಫೊಟಾಕ್ಸಿಮ್ 2 ಗ್ರಾಂ ಎಂಟು ಗಂಟೆಗೊಮ್ಮೆ, ಅಥವಾ ಸೆಫ್ಟ್ರಿಯಾಕ್ಸೋನ್. ಐದರಿಂದ ಏಳು ದಿನ. ಇದು ಹಳೆಯ ಪಾಠ. ನಮ್ಮ ದೇಶದಲ್ಲಿ ಇ. ಕೋಲಿ, ಕ್ಲೆಬ್ಸಿಯೆಲ್ಲಾ ಈ ಔಷಧಗಳಿಗೆ ಬಗ್ಗದಿರುವುದು ಈಗ ಸಾಮಾನ್ಯ. ರೋಗಿ ಹೋದ ತಿಂಗಳಷ್ಟೇ ಆಸ್ಪತ್ರೆಯಲ್ಲಿ ಇದ್ದು ಬಂದಿದ್ದರೆ ಮೊದಲಿನಿಂದಲೇ ದೊಡ್ಡ ಔಷಧ ಬೇಕಾಗಬಹುದು. ಅದಕ್ಕೇ ಕಲ್ಚರ್ ಅಷ್ಟು ಮುಖ್ಯ. ಜೆಂಟಾಮೈಸಿನ್ ಥರದವು ಬೇಡ, ಕಿಡ್ನಿ ಈಗಾಗಲೇ ಕಷ್ಟದಲ್ಲಿರುತ್ತದೆ. 48 ಗಂಟೆಯ ನಂತರ ಮತ್ತೊಮ್ಮೆ ಸೂಜಿ ಹಾಕಿ ನೋಡಬೇಕು. ನ್ಯೂಟ್ರೋಫಿಲ್ ಕಾಲು ಭಾಗವೂ ಇಳಿದಿಲ್ಲ ಅಂದರೆ ಔಷಧ ತಾಗುತ್ತಿಲ್ಲ, ಅಥವಾ ಕಾಯಿಲೆಯೇ ಬೇರೆ.

ಆಂಟಿಬಯೋಟಿಕ್ ಆರಿಸುವುದಕ್ಕಿಂತ ಕಷ್ಟದ ಪ್ರಶ್ನೆ ಡ್ರಿಪ್. ಸೋಂಕಿನಿಂದ ಬಿಪಿ ಬಿದ್ದರೆ ಸಲೈನ್ ಬೇಕು. ಸೋತ ಹೃದಯಕ್ಕೆ ಸಲೈನ್ ಅಂದರೆ ಶ್ವಾಸಕೋಶ ತುಂಬುವ ಭಯ. ಸಿರೋಸಿಸ್ ರೋಗಿಗೆ ಎಸ್‌ಬಿಪಿ ಬಂದರೆ ಆಲ್ಬುಮಿನ್ ಕೊಡುತ್ತೇವೆ: ಮೊದಲ ದಿನ ಕೆಜಿಗೆ 1.5 ಗ್ರಾಂ, ಮೂರನೇ ದಿನ 1 ಗ್ರಾಂ. 1999ರಲ್ಲಿ ಸ್ಪೇನ್‌ನವರು ಮಾಡಿದ ಅಧ್ಯಯನದಲ್ಲಿ ಇದರಿಂದ ಕಿಡ್ನಿ ಕೆಡುವುದು 33 ಶೇಕಡದಿಂದ 10 ಶೇಕಡಕ್ಕೆ ಇಳಿದಿತ್ತು. ಅದ್ಭುತ ಫಲಿತಾಂಶ. ಆದರೆ ಅದು ಲಿವರ್ ರೋಗಿಗಳಿಗೆ. 60 ಕೆಜಿ ತೂಗುವವರಿಗೆ ಮೊದಲ ದಿನವೇ 90 ಗ್ರಾಂ ಅಂದರೆ 20 ಶೇಕಡದ 100 ಮಿಲಿ ಬಾಟಲಿ ನಾಲ್ಕೂವರೆ. ಆಲ್ಬುಮಿನ್ ಹೊರಗಿನ ನೀರನ್ನು ರಕ್ತನಾಳದೊಳಗೆ ಎಳೆದುಕೊಳ್ಳುತ್ತದೆ. ಅಷ್ಟನ್ನು ತಳ್ಳುವ ಶಕ್ತಿ ಈ ಹೃದಯಕ್ಕೆ ಇಲ್ಲ. ಎಸ್‌ಬಿಪಿ ಅನ್ನುವ ಪದ ನೋಡಿದ ಕೂಡಲೇ ಲಿವರ್ ವಾರ್ಡಿನ ಪ್ರೋಟೊಕಾಲ್ ಬರೆದುಬಿಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ದ್ರವ ಕೊಡಲೇಬೇಕಾದರೆ ಸ್ವಲ್ಪ ಸ್ವಲ್ಪ, ಪ್ರತಿ ಸಲ ಎದೆ ಕೇಳಿ, ಎಕೋ ನೋಡಿ. ಬಿಪಿ ಏರಿಸುವ ಔಷಧವನ್ನು ಬೇಗ ಶುರು ಮಾಡಿ. ಈ ರೋಗಿಗಳಿಗೆ ಒಬ್ಬರ ಗಮನ ಸದಾ ಬೇಕು, ಇವರ ಜಾಗ ಐಸಿಯು.

ಈಗ ಇನ್ನೊಂದು ಗುಂಪಿನ ಬಗ್ಗೆ ಹೇಳದೆ ಹೋದರೆ ಮನಸ್ಸಿಗೆ ಸಮಾಧಾನ ಇರುವುದಿಲ್ಲ. ಹೊಟ್ಟೆ ತುಂಬ ನೀರು, ಕಾಲಿನ ಊತ ಅದಕ್ಕೆ ಹೋಲಿಸಿದರೆ ಕಡಿಮೆ. ವಯಸ್ಸು ಮೂವತ್ತರ ಆಸುಪಾಸು. ಕುಡಿತ ಇಲ್ಲ. ಲಿವರ್ ಕಾಯಿಲೆ ಅಂತ ವರ್ಷಗಟ್ಟಲೆ ಓಡಾಡಿರುತ್ತಾರೆ. ಪಥ್ಯ, ನಾಟಿ ಔಷಧ, ಹರಕೆ ಎಲ್ಲ ಆಗಿರುತ್ತದೆ. ಅವರನ್ನು ನೆಟ್ಟಗೆ ಕೂರಿಸಿ ಕತ್ತು ನೋಡಿ. ಕತ್ತಿನ ರಕ್ತನಾಳ ಕಿವಿಯ ಬುಡದವರೆಗೆ ಉಬ್ಬಿ ನಿಂತಿದ್ದರೆ, ತೊಂದರೆ ಇರುವುದು ಎದೆಯಲ್ಲಿ. ಹೃದಯದ ಸುತ್ತಲಿನ ಚೀಲ ದಪ್ಪಗಾಗಿ, ಕೆಲವೊಮ್ಮೆ ಸುಣ್ಣ ಕಟ್ಟಿ, ಹೃದಯವನ್ನು ಅರಳಲು ಬಿಡುತ್ತಿರುವುದಿಲ್ಲ. ಕನ್‌ಸ್ಟ್ರಿಕ್ಟಿವ್ ಪೆರಿಕಾರ್ಡೈಟಿಸ್. ಲಿವರ್ ಸಿರೋಸಿಸ್‌ನಂತೆ ಕಾಣುವ ಈ ಕಾಯಿಲೆಯನ್ನು ಪ್ರಾಗ್‌ನ ಫ್ರೀಡೆಲ್ ಪಿಕ್ 1896ರಲ್ಲೇ ವಿವರಿಸಿದ್ದರು. ನಮ್ಮಲ್ಲಿ ಇದಕ್ಕೆ ದೊಡ್ಡ ಕಾರಣ ಟಿಬಿ. ಆ ಚೀಲವನ್ನು ಆಪರೇಷನ್ ಮಾಡಿ ಬಿಡಿಸಿದರೆ ಬಹಳಷ್ಟು ಜನ ಮತ್ತೆ ದುಡಿಮೆಗೆ ಹೋಗುತ್ತಾರೆ. ಕೇರಳದಲ್ಲಿ ಹಿಂದೆ ಹೆಚ್ಚಾಗಿ ಕಾಣುತ್ತಿದ್ದ ಎಂಡೊಮಯೋಕಾರ್ಡಿಯಲ್ ಫೈಬ್ರೋಸಿಸ್‌ನಲ್ಲೂ ಹೀಗೆಯೇ, ಹೊಟ್ಟೆ ದೊಡ್ಡದು, ಕಾಲು ಸಣ್ಣದು. ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರಲ್ಲಿ ಬಲಭಾಗವೂ ಸೋತ ಮೇಲೆ ಹೊಟ್ಟೆ ತುಂಬುತ್ತದೆ.

ಇವರಿಗೆಲ್ಲ ಸೋಂಕು ತಡೆಯುವ ನಿಜವಾದ ದಾರಿ ನೀರು ನಿಲ್ಲದಂತೆ ಮಾಡುವುದು. ಸಿರೋಸಿಸ್‌ನಲ್ಲಿ ಒಮ್ಮೆ ಎಸ್‌ಬಿಪಿ ಬಂದವರಿಗೆ ನಾರ್‌ಫ್ಲಾಕ್ಸಸಿನ್ ಮಾತ್ರೆ ದಿನಾ ಕೊಡುವ ಪದ್ಧತಿ ಇದೆ. ಹೃದಯದ ರೋಗಿಗೆ ಹಾಗೆ ಕೊಡಲು ಆಧಾರ ಸಾಲದು. ನೀರು ಮಾತ್ರೆಯಿಂದ ನೀರು ಇಳಿದಾಗ ಉಳಿದ ದ್ರವದಲ್ಲಿ ಪ್ರೋಟೀನ್ ಗಾಢವಾಗುತ್ತದೆ, ಕಾವಲು ಗಟ್ಟಿಯಾಗುತ್ತದೆ. ಕವಾಟ ಸರಿ ಮಾಡಬಹುದಾದರೆ ಮಾಡಿಸಬೇಕು, ಚೀಲ ಬಿಡಿಸಬಹುದಾದರೆ ಬಿಡಿಸಬೇಕು. ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಸರ್ಕಾರದ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ದೂರ ಅಂತ ಸುಮ್ನೆ ಕೂರಬೇಡಿ.

ಇನ್ನು ಸಭೆಯಿಂದ ಬಂದ ಪ್ರಶ್ನೆಗಳು.

"ಒಂದು ಸಲ ನೀರು ತೆಗೆಸಿದ್ರೆ ಮೈಗೆ ಅದೇ ಅಭ್ಯಾಸ ಆಗಿ ಮತ್ತೆ ಮತ್ತೆ ತುಂಬುತ್ತೆ ಅಂತಾರಲ್ಲ ಡಾಕ್ಟ್ರೇ?" ಒಬ್ಬರು ತಾಯಿ ಕೇಳಿದರು. ಅವರ ಗಂಡನಿಗೆ ಎರಡು ಆಸ್ಪತ್ರೆಗಳಲ್ಲಿ ಹೇಳಿದರೂ ಮನೆಯವರು ಸೂಜಿ ಹಾಕಿಸಲು ಒಪ್ಪಿರಲಿಲ್ಲವಂತೆ. ಅಮ್ಮ, ನೀರು ಮತ್ತೆ ತುಂಬುವುದು ಹೃದಯದ ತೊಂದರೆ ಹಾಗೇ ಇರುವುದರಿಂದ. ಸೂಜಿ ಹಾಕದಿದ್ದರೂ ತುಂಬುತ್ತದೆ. ಪರೀಕ್ಷೆಗೆ ತೆಗೆಯುವುದು ಅರ್ಧ ಲೋಟದಷ್ಟೂ ಇಲ್ಲ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನು ಮೊದಲೇ ಹೇಳಿ. ಆ ಕಾರಣಕ್ಕೆ ಸೂಜಿ ಹಾಕುವುದನ್ನು ಕೈಬಿಡುವುದು ಅಪರೂಪ.

"ಬಾರ್ಲಿ ನೀರು ಕುಡಿಸಿದರೆ ಮೂತ್ರ ಚೆನ್ನಾಗಿ ಹೋಗುತ್ತಲ್ವಾ?" ಬಾರ್ಲಿ ನೀರೂ ನೀರೇ. ದಿನಕ್ಕೆ ಇಷ್ಟೇ ಲೀಟರ್ ಅಂತ ವೈದ್ಯರು ಹೇಳಿದ್ದರೆ ಅದರ ಲೆಕ್ಕದಲ್ಲೇ ಇದೂ ಸೇರಬೇಕು. ಎಳನೀರು ಇನ್ನೂ ಯೋಚಿಸಬೇಕಾದ್ದು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ನುಂಗುವವರಿಗೆ ಅಪಾಯ. ಕಡಿಮೆ ಸೋಡಿಯಂ ಅಂತ ಮಾರುವ ಉಪ್ಪೂ ಹಾಗೆಯೇ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಟ್ಟರೆ ಅರ್ಧ ಕೆಲಸ ಆದಂತೆ.

"ಜ್ವರ ಬಂದ್ರೆ ಮೆಡಿಕಲ್ ಶಾಪಲ್ಲಿ ಆಂಟಿಬಯೋಟಿಕ್ ತಗೊಂಡು ಎರಡು ದಿನ ನೋಡ್ಬಹುದಾ?" ಬೇಡ. ಹೊಟ್ಟೆಯಲ್ಲಿ ನೀರು ಇರುವವರಿಗಂತೂ ಖಂಡಿತ ಬೇಡ. ಎರಡು ಮಾತ್ರೆ ಬಿದ್ದರೆ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ, ಸೋಂಕು ಮಾತ್ರ ಹಾಗೇ ಉಳಿಯುತ್ತದೆ. ನೋವಿನ ಮಾತ್ರೆಯೂ ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಇವು ಕಿಡ್ನಿಯನ್ನೂ ಹೃದಯವನ್ನೂ ಒಟ್ಟಿಗೆ ಕೆಡಿಸುತ್ತವೆ.

ಕೊನೆಗೆ ಒಬ್ಬ ಯುವ ವೈದ್ಯೆ ಕೇಳಿದರು: "ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಕಲ್ಚರ್ ಸೌಲಭ್ಯ ಇಲ್ಲ ಸರ್, ರಾತ್ರಿ ಹೊತ್ತು ಬಯೋಕೆಮಿಸ್ಟ್ರಿಯೂ ಇರಲ್ಲ. ನಾವೇನು ಮಾಡ್ಬೇಕು?" ಒಳ್ಳೆಯ ಪ್ರಶ್ನೆ ಅಮ್ಮ. ಮೈಕ್ರೋಸ್ಕೋಪ್ ಇದೆಯಲ್ಲ, ಮಲೇರಿಯಾ ನೋಡುವ ಲ್ಯಾಬ್ ಟೆಕ್ನಿಷಿಯನ್ ಇದ್ದಾರಲ್ಲ. ಅವರಿಗೆ ಈ ನೀರಿನ ಕಣ ಎಣಿಸಿ, ಬಗೆ ವಿಂಗಡಿಸಲು ಹೇಳಿ. ನ್ಯೂಟ್ರೋಫಿಲ್ 250 ದಾಟಿದ್ದರೆ ಸೆಫ್ಟ್ರಿಯಾಕ್ಸೋನ್ ಮೊದಲ ಡೋಸ್ ಅಲ್ಲೇ ಕೊಡಿ. ಕೊಡುವ ಮುಂಚೆ ಎರಡು ಬ್ಲಡ್ ಕಲ್ಚರ್ ಬಾಟಲಿಗೆ ಈ ನೀರು ಹಾಕಿ, ಹೆಸರು, ಸಮಯ ಬರೆದು, ಆಂಬುಲೆನ್ಸ್‌ನಲ್ಲಿ ರೋಗಿಯ ಜೊತೆಗೇ ಜಿಲ್ಲಾ ಆಸ್ಪತ್ರೆಗೆ ಕಳಿಸಿ. ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಬೇಡಿ, ಹೊರಗಡೆಯೇ ಇರಲಿ. ರೆಫರಲ್ ಚೀಟಿಯಲ್ಲಿ "ಹೊಟ್ಟೆಯ ನೀರಿನಲ್ಲಿ ನ್ಯೂಟ್ರೋಫಿಲ್ ಇಷ್ಟು" ಅಂತ ಮೇಲುಗಡೆ ದೊಡ್ಡದಾಗಿ ಬರೆಯಿರಿ, ಫೋನ್ ಮಾಡಿ ಡ್ಯೂಟಿ ಡಾಕ್ಟರ್‌ಗೂ ಹೇಳಿಬಿಡಿ.